ಬಗ್ಗಿದ ಉಕ್ಕಿನ ಭಾಷೆ: ರಾವಂದೂರು ಸೀಮೆಯ ಕುಲುಮೆಯಲ್ಲಿ ದುರಸ್ತಿಯ ಪದಗಳು ಮತ್ತು ‘ಹದ’ದ ಪರಿಕಲ್ಪನೆ

1. ಪೀಠಿಕೆ

ಕನ್ನಡದ ವೃತ್ತಿಪದಗಳನ್ನು ಕುರಿತ ಅಧ್ಯಯನಗಳಲ್ಲಿ ವಸ್ತುವನ್ನು ತಯಾರಿಸುವ ಕ್ರಿಯೆಗೆ ಸಂಬಂಧಿಸಿದ ಪದಗಳಿಗೆ ಸಹಜವಾಗಿಯೇ ಪ್ರಾಶಸ್ತ್ಯ ದೊರೆತಿದೆ. ಉಪಕರಣದ ಹೆಸರು, ಅದರ ಭಾಗಗಳ ಹೆಸರು, ಅದನ್ನು ಮಾಡುವ ಕ್ರಮ ಇವುಗಳನ್ನು ಪಟ್ಟಿ ಮಾಡುವುದು ಸುಲಭ. ಆದರೆ ಆ ಉಪಕರಣವು ಕೆಟ್ಟಾಗ, ಬಗ್ಗಿದಾಗ, ಮೊಂಡಾದಾಗ ಅದರ ಸುತ್ತ ನಡೆಯುವ ಮಾತುಕತೆ ಅಷ್ಟಾಗಿ ದಾಖಲಾದಂತೆ ಕಾಣುವುದಿಲ್ಲ. ವಾಸ್ತವವಾಗಿ ಹಳ್ಳಿಯ ಕುಲುಮೆಯಲ್ಲಿ ಹೊಸದನ್ನು ಮಾಡುವುದಕ್ಕಿಂತ ಹಳೆಯದನ್ನು ಸರಿಪಡಿಸುವ ಕೆಲಸವೇ ಹೆಚ್ಚು. ಆದ್ದರಿಂದ ಕಮ್ಮಾರಿಕೆಯ ಜೀವಂತ ಭಾಷೆಯನ್ನು ಹುಡುಕುವವರು ದುರಸ್ತಿಯ ಸಂದರ್ಭಕ್ಕೆ ಕಿವಿಗೊಡಬೇಕಾಗುತ್ತದೆ.

ಪ್ರಸ್ತುತ ಲೇಖನವು ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಹೋಬಳಿಯ ಪರಿಸರದಲ್ಲಿ ಬಳಕೆಯಲ್ಲಿರುವ, ಲಾರಿಯ ಕಮಾನು ಪಟ್ಟಿಯಿಂದ ಮಾಡಿದ ಕೈಯುಪಕರಣಗಳನ್ನು ಕುರಿತದ್ದು. ಈ ಉಪಕರಣಗಳು ಬಗ್ಗಿದಾಗ ಅವನ್ನು ನೆಟ್ಟಗೆ ಮಾಡಬೇಕೇ, ಮುರಿಸಿ ಬೇರೆ ಮಾಡಿಸಬೇಕೇ ಅಥವಾ ಹೊಸದನ್ನು ಕೊಳ್ಳಬೇಕೇ ಎಂಬ ತೀರ್ಮಾನವನ್ನು ಕಮ್ಮಾರನು ಹೇಗೆ ಮಾಡುತ್ತಾನೆ, ಆ ತೀರ್ಮಾನವನ್ನು ಯಾವ ಪದಗಳಲ್ಲಿ ಹೇಳುತ್ತಾನೆ, ಆ ಪದಗಳ ಹಿಂದಿರುವ ಅರಿವು ಯಾವ ಬಗೆಯದು ಎಂಬುದನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ. ವಕ್ತೃಗಳ ಹೆಸರುಗಳನ್ನು ಉದ್ದೇಶಪೂರ್ವಕವಾಗಿ ಕೊಟ್ಟಿಲ್ಲ.

ಈ ಅಧ್ಯಯನಕ್ಕೆ ಪ್ರೇರಣೆ ಒಂದು ಸಣ್ಣ ಸಂಗತಿ. ನಮ್ಮ ಮನೆಯಲ್ಲಿ ತಾತನ ಕಾಲದಿಂದ ಉಳಿದುಬಂದಿದ್ದ ಮಚ್ಚೊಂದು ಬೇರಿನ ಸಂದಿಗೆ ಸಿಕ್ಕಿ ಬಗ್ಗಿತು. ಅದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಲು ನಾನೇ ಪ್ರಯತ್ನಿಸಿದೆ. ಬಡಿದಷ್ಟೂ ಅದು ಹಿಂದಿನ ಸೊಟ್ಟಕ್ಕೇ ಮರಳುತ್ತಿತ್ತು. ಕೊನೆಗೆ ಕುಲುಮೆಗೆ ಒಯ್ದು “ಆಚಾರ್ರೆ, ಇದ ಒಸಿ ನೆಟ್ಟಗೆ ಮಾಡಿಕೊಡಿ” ಎಂದಾಗ, ಹಿರಿಯರಾದ ಆಚಾರಿಗಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಬೆರಳಿನಿಂದ ಮೀಟಿ ದನಿ ಕೇಳಿ, “ಇದು ಬಗ್ಗಿಲ್ಲ ಕಣಪ್ಪ, ಸೋತದೆ. ಎಲ್ಲೋ ಬೆಂಕಿ ಕಂಡು ಹದ ಬುಟ್ಟುಬುಟ್ಟದೆ. ನೆಟ್ಟಗೆ ಮಾಡ್ಕೊಡ್ಬೋದು, ನಾಳಕ್ಕೆ ಮತ್ತೆ ಬಗ್ತದೆ” ಎಂದರು. ಕಣ್ಣಿಗೆ ಬಗ್ಗಿದಂತೆ ಕಾಣುತ್ತಿದ್ದ ಉಪಕರಣವನ್ನು ‘ಬಗ್ಗಿಲ್ಲ’ ಎನ್ನುವ, ಲೋಹಕ್ಕೆ ‘ಸೋಲು’ ಎಂಬ ಕ್ರಿಯಾಪದವನ್ನು ಹಚ್ಚುವ ಈ ಮಾತಿನಲ್ಲಿ ಒಂದು ಸಿದ್ಧಾಂತವೇ ಅಡಗಿದೆ. ಅದನ್ನು ಬಿಡಿಸಿ ನೋಡುವ ಯತ್ನವೇ ಈ ಲೇಖನ.

2. ಕಬ್ಬಿಣ, ಉಕ್ಕು ಮತ್ತು ಪಟ್ಟಿ

‘ಕಬ್ಬಿಣ’ ಎಂಬ ಪದದ ಹಳೆಯ ರೂಪ ಕರ್ಬುನ. ‘ಕರಿಯ’ ಮತ್ತು ‘ಪೊನ್’ ಸೇರಿ ಆದ ಸಮಾಸವಿದು. ಕರಿಯ ಲೋಹ ಎಂಬುದು ಅದರ ಅರ್ಥ. ‘ಉಕ್ಕು’ ಎಂಬುದನ್ನು ದ್ರಾವಿಡ ಭಾಷೆಗಳ ಹಿನ್ನೆಲೆಯಲ್ಲಿ ನೋಡಿದಾಗ ಮಲಯಾಳದ ‘ಉರುಕ್ಕ್’ ಮತ್ತು ಕರಗು ಎಂಬರ್ಥದ ‘ಉರುಕು’ ಧಾತುವಿನ ನೆನಪಾಗುತ್ತದೆ. ಈ ಪದವು ಸಾಗರ ದಾಟಿದ ಕಥೆ ಪ್ರಸಿದ್ಧವಾದುದೇ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸನು ಲಂಡನ್ನಿನ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಭಾರತದ ಉಕ್ಕನ್ನು ‘ವೂಟ್ಸ್’ ಎಂದು ಕರೆದನು. ಅದು ‘ಉಕ್ಕು’ ಎಂಬುದರ ವಿಕೃತ ರೂಪವೆಂಬುದು ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಟಿಪ್ಪು ಸುಲ್ತಾನನ ಪತನಾನಂತರ, 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸ ಕಥನದಲ್ಲಿ (1807) ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುವ, ಮೂಸೆಯಲ್ಲಿಟ್ಟು ಉಕ್ಕು ಮಾಡುವ ಕ್ರಮಗಳನ್ನು ವಿವರವಾಗಿ ವರ್ಣಿಸಿದ್ದಾನೆ.

ಈ ಇತಿಹಾಸವನ್ನು ಹೇಳುವಾಗ ಒಂದು ಸಂಗತಿಯನ್ನು ಮರೆಯುವುದುಂಟು. ಹಿಂದಿನ ಕಾಲದ ರೈತನ ಉಪಕರಣ ಪೂರ್ತಿಯಾಗಿ ಉಕ್ಕಿನದಾಗಿರಲಿಲ್ಲ. ಉಕ್ಕು ದುಬಾರಿಯಾದ ವಸ್ತು. ಆದ್ದರಿಂದ ಉಪಕರಣದ ‘ಮೈ’ ಮೆತ್ತನೆಯ ಕಬ್ಬಿಣದ್ದು, ‘ಬಾಯಿ’ ಮಾತ್ರ ಉಕ್ಕಿನದು. ಕೊಡಲಿಯ ಬಾಯಿಗೆ ಉಕ್ಕಿನ ತುಂಡನ್ನು ಕುಲುಮೆಯಲ್ಲಿ ಕಾಯಿಸಿ ಬೆಸೆಯುವುದಕ್ಕೆ ‘ಉಕ್ಕು ಹಾಕಿಸುವುದು’ ಎಂದು ಹೆಸರು. ಇಂಥ ಉಪಕರಣದ ಮೈ ಬಗ್ಗಿದರೆ ತಣ್ಣಗಿರುವಾಗಲೇ ಬಡಿದು ನೆಟ್ಟಗೆ ಮಾಡಬಹುದಿತ್ತು. ಬಾಯಿ ಸವೆದರೆ ಹೊಸ ಉಕ್ಕು ಹಾಕಿಸಬಹುದಿತ್ತು. ಮೈ ಮತ್ತು ಬಾಯಿಗಳ ಈ ವಿಭಜನೆಯ ಮೇಲೆಯೇ ಹಳೆಯ ದುರಸ್ತಿ ಪದ್ಧತಿ ನಿಂತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಲಾರಿ, ಬಸ್ಸುಗಳು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ವಾಹನದ ಭಾರವನ್ನು ಹೊರುವ ಕಮಾನು ಪಟ್ಟಿಗಳು ಮುರಿದಾಗ ಗುಜರಿಗೆ ಬಂದು, ಅಲ್ಲಿಂದ ಕುಲುಮೆಗೆ ಬಂದವು. ‘ಪಟ್ಟಿ’, ‘ಪ್ಲೇಟು’ ಎಂದು ಕರೆಯಲಾಗುವ ಈ ವಸ್ತುವಿನಲ್ಲಿ ಇಂಗಾಲದ ಪ್ರಮಾಣ ಸಾಮಾನ್ಯವಾಗಿ ಶೇಕಡಾ 0.5ರಿಂದ 0.65ರವರೆಗೆ ಇರುತ್ತದೆ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಬೆರೆತಿರುತ್ತವೆ. ಹೀಗಾಗಿ ಉಪಕರಣದ ಮೈ, ಬಾಯಿ ಎರಡೂ ಒಂದೇ ಉಕ್ಕಿನದಾದವು. ಮಚ್ಚು, ಕತ್ತಿ, ಕುಡುಗೋಲು, ಕಳೆ ತೆಗೆಯುವ ಸಣ್ಣ ಉಪಕರಣ, ಬಾಚಿ, ಚಾಣ ಇವೆಲ್ಲ ಪಟ್ಟಿಯಿಂದ ಹುಟ್ಟತೊಡಗಿದವು. ಇವು ಗಟ್ಟಿ, ಬಾಳಿಕೆ ಬರುವಂಥವು. ಆದರೆ ಬಗ್ಗಿದರೆ ಹಳೆಯ ಬುದ್ಧಿ ಇವುಗಳ ಮುಂದೆ ನಡೆಯದು. ನನ್ನ ಸುತ್ತಿಗೆಯ ಪೆಟ್ಟು ಸೋತುದು ಇದೇ ಕಾರಣಕ್ಕೆ.

3. ಬಾಗುವಿಕೆಯ ಪದಗಳು

ಕನ್ನಡದಲ್ಲಿ ಬಾಗುವಿಕೆಯನ್ನು ಸೂಚಿಸುವ ಪದಗಳು ಹಲವು: ಬಳುಕು, ಬಾಗು, ಬಗ್ಗು, ಮಣಿ, ಡೊಂಕು, ಸೊಟ್ಟ, ಮಡಚು. ಸಾಹಿತ್ಯದ ಓದುಗರಿಗೆ ಇವು ಹೆಚ್ಚುಕಡಿಮೆ ಪರ್ಯಾಯ ಪದಗಳಂತೆ ತೋರಬಹುದು. ಕುಲುಮೆಯಲ್ಲಿ ಹಾಗಲ್ಲ. ಅಲ್ಲಿ ಒಂದೊಂದಕ್ಕೂ ಒಂದೊಂದು ಸ್ಥಾನವಿದೆ.

‘ಬಳುಕು’ ಎಂಬುದು ಒತ್ತಿದಾಗ ಬಾಗಿ, ಬಿಟ್ಟಾಗ ಮೊದಲಿನಂತಾಗುವ ಗುಣ. ಬಳ್ಳಿ ಬಳುಕುತ್ತದೆ, ನಡು ಬಳುಕುತ್ತದೆ, ಒಳ್ಳೆಯ ಮಚ್ಚೂ ಬಳುಕುತ್ತದೆ. ಇದು ದೋಷವಲ್ಲ, ಗುಣ. ‘ಬಗ್ಗು’ ಎಂಬುದು ಒತ್ತಡಕ್ಕೆ ಒಳಗಾಗಿ ಬಾಗಿ ಹಾಗೆಯೇ ನಿಲ್ಲುವುದು. ಮನುಷ್ಯನು ಅಧಿಕಾರಕ್ಕೆ ಬಗ್ಗುವಂತೆ. ‘ಸೊಟ್ಟ’, ‘ಡೊಂಕು’ಗಳು ಕ್ರಿಯೆಯಲ್ಲ, ಅನಂತರದ ಸ್ಥಿತಿ. ಆಚಾರಿಗಳು ಬಳಸಿದ ‘ಸೋಲು’ ಇವೆಲ್ಲಕ್ಕಿಂತ ಭಿನ್ನವಾದುದು. ಬಗ್ಗಿದ ಉಕ್ಕಿಗೆ ತನ್ನ ಮಿತಿಯನ್ನು ಮೀರಿದ ಬಲ ತಗುಲಿದೆ. ಸೋತ ಉಕ್ಕಿನಲ್ಲಿ ಮಿತಿಯೇ ಕುಸಿದಿದೆ. ಮೊದಲನೆಯದರಲ್ಲಿ ತಪ್ಪು ಬಳಸಿದವನದು, ಎರಡನೆಯದರಲ್ಲಿ ಹದದ್ದು.

ಲೋಹವಿಜ್ಞಾನ ಈ ವಿಂಗಡಣೆಯನ್ನು ಸಮರ್ಥಿಸುತ್ತದೆ. ಮೆತ್ತನೆಯ ಕಬ್ಬಿಣ ಮತ್ತು ಹದಗೊಂಡ ಉಕ್ಕು ಒಂದೇ ದಪ್ಪದವಾದರೆ ಅವನ್ನು ತುಸು ಬಾಗಿಸಲು ಬೇಕಾಗುವ ಬಲ ಹೆಚ್ಚುಕಡಿಮೆ ಒಂದೇ. ಭೇದವಿರುವುದು ಎಷ್ಟು ದೂರ ಬಾಗಿ ಹಿಂದಿರುಗಬಲ್ಲದು ಎಂಬುದರಲ್ಲಿ. ಕಬ್ಬಿಣ ಬೇಗನೆ ಶರಣಾಗುತ್ತದೆ. ಹದಗೊಂಡ ಉಕ್ಕು ಬಹುದೂರ ಹೋಗಿ ಮರಳುತ್ತದೆ. ಬೆಂಕಿಯಿಂದ ಹದ ಕಳೆದುಕೊಂಡ ಉಕ್ಕು ಆ ಮರಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬಳುಕು, ಬಗ್ಗು, ಸೋಲು ಎಂಬ ಮೂರು ಕ್ರಿಯಾಪದಗಳು ಈ ಮೂರು ಅವಸ್ಥೆಗಳನ್ನು ಯಾವ ಪಾರಿಭಾಷಿಕ ಪದದ ನೆರವೂ ಇಲ್ಲದೆ ಹಿಡಿದಿಡುತ್ತವೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆಯಲ್ಲಿರುವುದೂ ಸಮಯ ಮೀರಿದರೆ ಬಾಗುವ ಗುಣ ಹೋಗಿ ಮುರಿಯುವ ಗುಣ ಬರುತ್ತದೆಂಬ ತಿಳಿವೇ.

4. ಹದ: ಒಂದು ಪದದ ಹರಹು

ಕಮ್ಮಾರಿಕೆಯ ಪದಗಳಲ್ಲೆಲ್ಲ ಕೇಂದ್ರವಾದುದು ‘ಹದ’. ಹಳಗನ್ನಡದ ಪಕಾರವು ಹಕಾರವಾದ ನಿಯಮದಂತೆ ‘ಪದ’ವೇ ‘ಹದ’ವಾಗಿದೆ. ತಮಿಳು, ಮಲಯಾಳಗಳ ‘ಪದಂ’ ಇದರ ಸೋದರ ರೂಪ. ಭೂಮಿಗೆ ಹದವಿದೆ, ಹದಮಳೆಯಿದೆ. ಬೆಲ್ಲದ ಪಾಕಕ್ಕೆ ಹದವಿದೆ. ತೊಗಲನ್ನು, ಜೇಡಿಮಣ್ಣನ್ನು ಹದ ಮಾಡುತ್ತಾರೆ. ಮಾತಿಗೂ ಹದ ಬೇಕು. ಹೆಚ್ಚು ಮತ್ತು ಕಡಿಮೆಗಳ ನಡುವಿನ, ಕೆಲಸಕ್ಕೆ ಒದಗುವ ಸ್ಥಿತಿಯೇ ಹದ. ಉಕ್ಕಿನ ವಿಷಯದಲ್ಲಿ ಇದರ ಒಂದು ಅಂಚು ‘ಪೆಡಸು’, ಇನ್ನೊಂದು ಅಂಚು ‘ಮೆತ್ತಗೆ’. ಪೆಡಸಾದ ಬಾಯಿ ಮುಕ್ಕಾಗುತ್ತದೆ, ಮೆತ್ತಗಿನ ಬಾಯಿ ಮಡಚಿಕೊಳ್ಳುತ್ತದೆ.

ಲೋಹಶಾಸ್ತ್ರದಲ್ಲಿ ಇದು ಎರಡು ಹಂತಗಳ ಕ್ರಿಯೆ. ಮೊದಲು ಉಕ್ಕನ್ನು ಕೆಂಪಗೆ, ಅಂದರೆ ಸುಮಾರು 850 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿ, ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿ ಥಟ್ಟನೆ ತಣಿಸಬೇಕು. ಆಗ ಅದು ಅತ್ಯಂತ ಗಟ್ಟಿಯೂ ಪೆಡಸೂ ಆಗುತ್ತದೆ. ಬಳಿಕ ಮೇಲ್ಮೈಯನ್ನು ಉಜ್ಜಿ ಬೆಳ್ಳಗೆ ಮಾಡಿ, ಹಗುರವಾಗಿ ಮತ್ತೆ ಕಾಯಿಸಿದರೆ ಬಣ್ಣಗಳು ಒಂದೊಂದಾಗಿ ಹರಿಯುತ್ತವೆ: ಸುಮಾರು 220–230 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, 255ರ ಹೊತ್ತಿಗೆ ಕಂದು, 280ರ ಹೊತ್ತಿಗೆ ನೇರಳೆ, 300ರ ಹೊತ್ತಿಗೆ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಹರಿತ ಹೆಚ್ಚು, ನೀಲಿಯಲ್ಲಿ ನಿಲ್ಲಿಸಿದರೆ ಬಳುಕು ಹೆಚ್ಚು. ಕಟ್ಟಿಗೆ ಸೀಳುವ ಮಚ್ಚಿಗೆ ನೇರಳೆ–ನೀಲಿಯ ನಡುವಿನ ಬಣ್ಣ ಒಪ್ಪುತ್ತದೆ. ಅರೆಯಂಥ ಉಪಕರಣಕ್ಕೆ ಹಳದಿ ಬೇಕು. ಕುಲುಮೆಯವರು ಈ ಎರಡು ಹಂತಗಳನ್ನು ಎರಡು ಹೆಸರುಗಳಿಂದ ಒಡೆಯುವುದಿಲ್ಲ. ಒಟ್ಟನ್ನು ‘ಹದ ಹಾಕುವುದು’ ಎನ್ನುತ್ತಾರೆ. ವಚನಗಳಲ್ಲಿ ಕಾದ ಕಬ್ಬಿಣವು ನೀರನ್ನು ಉಣ್ಣುವ ರೂಪಕ ಪದೇ ಪದೇ ಬರುವುದನ್ನು ಇಲ್ಲಿ ನೆನೆಯಬಹುದು. ಕುಲುಮೆಯ ಮುಂದೆ ನಿಂತು ಆ ಸದ್ದನ್ನು ಕೇಳಿದವರಿಗೆ ‘ಉಣ್ಣು’ ಎಂಬ ಕ್ರಿಯಾಪದದ ಔಚಿತ್ಯ ಬೇರೆಯಾಗಿ ವಿವರಿಸಬೇಕಾಗಿಲ್ಲ.

5. ದುರಸ್ತಿಯ ಕ್ರಮ

ಬಗ್ಗಿದ ಉಪಕರಣ ಬಂದಾಗ ಆಚಾರಿಗಳು ಮೊದಲು ಮಾಡುವುದು ಪರೀಕ್ಷೆ. ಬಗ್ಗಿರುವುದು ಎಲ್ಲಿ ಎಂಬುದು ಮೊದಲ ಪ್ರಶ್ನೆ. ಹಿಡಿಯ ಹತ್ತಿರ ಬಗ್ಗಿದ್ದರೆ, ಹೊಸ ಹಿಡಿ ಕೂರಿಸುವಾಗ ಅದರ ಬುಡವನ್ನು ಕಾಯಿಸಿ ಚುಚ್ಚಿದ್ದುಂಟೇ ಎಂದು ಕೇಳುತ್ತಾರೆ. ಬಾಯಿಯ ಕಡೆ ನೀಲಿಯ ಕಲೆ ಕಂಡರೆ ಯಂತ್ರದ ಸಾಣೆಗೆ ಕೊಟ್ಟು ಸುಟ್ಟಿದ್ದಾರೆಂದು ಊಹಿಸುತ್ತಾರೆ. ನೀರು ಮುಟ್ಟಿಸದೆ ಒಂದೇ ಸಮನೆ ಹಿಡಿದರೆ ತೆಳ್ಳನೆಯ ಬಾಯಿ ಕ್ಷಣದಲ್ಲಿ ನೀಲಿಗಟ್ಟಿ ಹದ ಕಳೆದುಕೊಳ್ಳುವುದು ನಿಜ. ನಮ್ಮ ಮನೆಯ ಮಚ್ಚು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಯ ಬಾಯಲ್ಲಿ ಕೆಂಡ ಕೆದಕಲು ಬಳಕೆಯಾಗಿತ್ತೆಂಬುದು ಈ ಪ್ರಶ್ನೋತ್ತರದಲ್ಲೇ ಹೊರಬಿದ್ದಿತು. ಪಿರಿಯಾಪಟ್ಟಣ, ಹುಣಸೂರು ಸೀಮೆಯ ಹೊಗೆಸೊಪ್ಪಿನ ಬೇಸಾಯದಲ್ಲಿ ಮಚ್ಚಿಗೂ ಬ್ಯಾರನ್ನಿನ ಸೌದೆಗೂ ಬಿಡದ ನಂಟು. ಆ ಸೀಮೆಯ ಉಪಕರಣಗಳ ರೋಗಗಳೂ ಆ ಬೇಸಾಯದಿಂದಲೇ ಹುಟ್ಟುತ್ತವೆ.

ಎರಡನೆಯದು ದನಿ. ಬೆರಳಿನಿಂದ ಮೀಟಿದಾಗ ‘ಣಣ್’ ಎಂದರೆ ಮೈ ಇಡಿಯಾಗಿದೆ. ‘ಡಬ್’ ಎಂದರೆ ಎಲ್ಲೋ ಸೀಳಿದೆ. ಸೀಳಿದ್ದನ್ನು ನೆಟ್ಟಗೆ ಮಾಡಲು ಯಾರೂ ಒಪ್ಪುವುದಿಲ್ಲ. ಅದು ಕೆಲಸದ ನಡುವೆ ಮುರಿದು ಕೈಗೋ ಕಣ್ಣಿಗೋ ಹಾರುತ್ತದೆ.

ದುರಸ್ತಿಯಲ್ಲಿ ಮೂರು ಬಗೆಗಳಿವೆ. ಹದ ಕೆಡದೆ, ತುದಿ ಮಾತ್ರ ತುಸು ಬಗ್ಗಿದ್ದರೆ ಕಾಯಿಸದೆಯೇ ತಿದ್ದಬಹುದು. ಇಲ್ಲಿ ಪೆಟ್ಟು ಸಲ್ಲದು, ಒತ್ತಡ ಬೇಕು. ಎರಡು ಆಧಾರಗಳ ನಡುವೆ ಅಥವಾ ಮರದ ಕವೆಯಲ್ಲಿ ಸಿಕ್ಕಿಸಿ ವಿರುದ್ಧ ದಿಕ್ಕಿಗೆ, ನೆಟ್ಟಗಾಗುವ ಗೆರೆಯನ್ನೂ ದಾಟಿ, ಸ್ವಲ್ಪಸ್ವಲ್ಪವಾಗಿ ಬಗ್ಗಿಸಬೇಕು. ಬಿಟ್ಟಾಗ ಅದು ಹಿಂದಕ್ಕೆ ಬಂದು ನೇರದಲ್ಲಿ ನಿಲ್ಲುತ್ತದೆ. ನೇರಕ್ಕಷ್ಟೇ ಬಗ್ಗಿಸಿದರೆ ಅದು ಮತ್ತೆ ಸೊಟ್ಟಕ್ಕೇ ಮರಳುತ್ತದೆ. ನಾನು ಮಾಡಿದ ತಪ್ಪು ಇದೇ.

ಮಡಚಿದಂತೆ ಬಗ್ಗಿದ್ದರೆ ಅಥವಾ ಹದವೇ ಹೋಗಿದ್ದರೆ ಕುಲುಮೆಗೆ ಹಾಕದೆ ಬೇರೆ ದಾರಿಯಿಲ್ಲ. ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅಡೆಗಲ್ಲಿನ ಮೇಲಿಟ್ಟು, ಕೆಂಪು ಇರುವಷ್ಟು ಹೊತ್ತು ಮಾತ್ರ ಬಡಿಯಬೇಕು. ಕಪ್ಪು ತಿರುಗಿದ ಮೇಲೆ ಬಡಿದರೆ ಒಳಗೆ ಸೀಳುತ್ತದೆ. ‘ಕಾದಾಗಲೇ ಬಡಿ’ ಎಂಬ ಮಾತನ್ನು ನಾವು ಅವಕಾಶದ ಸದುಪಯೋಗಕ್ಕೆ ಬಳಸುತ್ತೇವೆ. ಕುಲುಮೆಯಲ್ಲಿ ಅದು ಎಚ್ಚರಿಕೆ. ನೆಟ್ಟಗಾದ ಮೇಲೆ ಹೊಸದಾಗಿ ಹದ ಹಾಕಲೇಬೇಕು. ಪಟ್ಟಿಯ ಉಕ್ಕು ಸಾಮಾನ್ಯವಾಗಿ ಎಣ್ಣೆಯಲ್ಲಿ ತಣಿಸತಕ್ಕದ್ದು. ಇಡಿಯಾಗಿ ನೀರಿಗೆ ಅದ್ದಿದರೆ ಸೀಳುವ ಭಯವಿದೆ. ಆದ್ದರಿಂದ ನೀರೇ ಗತಿಯಾದ ಕಡೆ ಬಾಯಿಯನ್ನಷ್ಟೇ ಅದ್ದಿ ತೆಗೆದು, ಬೆನ್ನಿನಲ್ಲಿ ಉಳಿದ ಕಾವು ಬಾಯಿಗೆ ಹರಿದು ಬಣ್ಣ ತಿರುಗುವುದನ್ನು ಕಾದು ನೋಡಿ ಮತ್ತೆ ಅದ್ದುತ್ತಾರೆ. ಹೀಗೆ ಬಾಯಿ ಗಟ್ಟಿಯಾಗಿಯೂ ಬೆನ್ನು ಮೆದುವಾಗಿಯೂ ಉಳಿಯುತ್ತದೆ. ಹಳೆಯ ಮೈ–ಬಾಯಿ ವಿಭಜನೆಯನ್ನು ಒಂದೇ ಉಕ್ಕಿನೊಳಗೆ ಹದದ ಮೂಲಕ ಮರಳಿ ತರುವ ಉಪಾಯವಿದು.

ಮೂರನೆಯ ಬಗೆ, ಸೀಳಿದ್ದನ್ನು ಕತ್ತರಿಸಿ ಬೇರೊಂದು ಮಾಡುವುದು. ಒಡವೆಯ ವಿಷಯದಲ್ಲಿ ನಾವು ಬಳಸುವ ‘ಮುರಿಸಿ ಮಾಡಿಸು’ ಎಂಬ ಕೂಡುಕ್ರಿಯೆ ಇಲ್ಲಿಯೂ ಸಲ್ಲುತ್ತದೆ. ಮಚ್ಚು ಕತ್ತಿಯಾಗುತ್ತದೆ, ಕತ್ತಿ ಕಳೆ ತೆಗೆಯುವ ಉಪಕರಣವಾಗುತ್ತದೆ, ಕೊನೆಗೆ ಚಾಣವಾಗಿ ಕುಲುಮೆಯಲ್ಲೇ ಉಳಿಯುತ್ತದೆ. ದುರಸ್ತಿ ಮತ್ತು ಬದಲಿ ಎಂಬ ಎರಡೇ ಆಯ್ಕೆಗಳ ನಡುವೆ ಈ ಮೂರನೆಯದನ್ನು ಕಾಣುವುದು ದೇಸಿ ಅರಿವಿನ ವಿಶೇಷ.

6. ಆಯದಿಂದ ರೊಕ್ಕಕ್ಕೆ

ದುರಸ್ತಿಯೋ ಬದಲಿಯೋ ಎಂಬುದು ಲೋಹದ ಪ್ರಶ್ನೆಯಷ್ಟೇ ಆಗಿಲ್ಲ. ಆಯಗಾರ ಪದ್ಧತಿಯಲ್ಲಿ ಕಮ್ಮಾರನಿಗೆ ಸುಗ್ಗಿಯ ಕಣದಲ್ಲಿ ಕಾಳು ಸಲ್ಲುತ್ತಿತ್ತು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ಬೇಸಾಯದ ಉಪಕರಣಗಳನ್ನು ಹಣಿದುಕೊಡುವ ಹೊಣೆ ಅವನದು. ಒಂದೊಂದು ದುರಸ್ತಿಗೂ ಬೆಲೆಯಿರಲಿಲ್ಲವಾದ್ದರಿಂದ ‘ಇದನ್ನು ಸರಿ ಮಾಡಿಸುವುದು ಲಾಭವೇ?’ ಎಂಬ ಪ್ರಶ್ನೆ ರೈತನಿಗೆ ಏಳುತ್ತಿರಲಿಲ್ಲ. ಆ ಪದ್ಧತಿಯೊಳಗಿದ್ದ ಜಾತಿಯ ಕಟ್ಟುಪಾಡು, ಕಮ್ಮಾರನು ಒಕ್ಕಲಿನ ಮರ್ಜಿ ಕಾಯಬೇಕಾದ ಸ್ಥಿತಿ ಇವನ್ನು ಮರೆತು ಅದನ್ನು ಆದರ್ಶೀಕರಿಸಬೇಕಾಗಿಲ್ಲ. ಆದರೆ ರೊಕ್ಕದ ಲೆಕ್ಕ ಬಂದ ಮೇಲೆ ದುರಸ್ತಿಯ ಕೂಲಿಯನ್ನು ಸಂತೆಯ ಹೊಸ ಮಚ್ಚಿನ ಬೆಲೆಯೊಡನೆ ತೂಗುವುದು ಅನಿವಾರ್ಯವಾಯಿತು. ಇದ್ದಿಲು, ಎರಡು ಸಲದ ಕಾವು, ಹದ, ಮಸೆತ ಇವೆಲ್ಲ ಸೇರಿದಾಗ ಅಗ್ಗದ ಹೊಸ ಉಪಕರಣವೇ ಮೇಲೆಂದು ತೋರುವುದು ಸಹಜ. ಆದರೆ ತೆಳು ತಗಡಿನಿಂದ ಕತ್ತರಿಸಿದ ಅಗ್ಗದ ಉಪಕರಣ ಬೇಗ ಬಗ್ಗುತ್ತದೆ. ಅದರಲ್ಲಿ ಇಂಗಾಲ ಸಾಲದಿದ್ದರೆ ಹದವೂ ಹಿಡಿಯುವುದಿಲ್ಲ. ಹೀಗೆ ದುರಸ್ತಿಗೆ ಒಗ್ಗದ ವಸ್ತು ಹೆಚ್ಚಿದಂತೆ ದುರಸ್ತಿಯ ಮಾತೂ ಕಡಿಮೆಯಾಗುತ್ತದೆ.

ಇದೇ ಸೀಮೆಗೆ ಹತ್ತಿರದ ನೀಲಗಾರರ ಮೌಖಿಕ ಪರಂಪರೆಯಲ್ಲಿ ಕಬ್ಬಿಣಕ್ಕೆ ದೊಡ್ಡ ಸ್ಥಾನವಿದೆ. ಮಂಟೇಸ್ವಾಮಿ ಕಾವ್ಯದ ಸಿದ್ದಪ್ಪಾಜಿ ಮೂಲತಃ ಕಮ್ಮಾರರ ಮನೆಯ ಮಗ ಕೆಂಪಾಚಾರಿ. ಗುರುವಿನ ಅಪ್ಪಣೆಯಂತೆ ಅವನು ಹಲಗೂರಿನ ಪಾಂಚಾಳರಲ್ಲಿಗೆ ಹೋಗುವುದು ಕಬ್ಬಿಣದ ಭಿಕ್ಷೆಗೆ. ಅವರು ಇಲ್ಲವೆಂದು ಹೇಳಿ ಅವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಈ ಪ್ರಸಂಗವನ್ನು ಪಂಥಗಳ ಸಂಘರ್ಷವಾಗಿ, ವೃತ್ತಿಯ ಒಡೆತನದ ಪ್ರಶ್ನೆಯಾಗಿ ಓದಿರುವುದುಂಟು. ಕುಲುಮೆಯ ಪದಗಳ ಬೆಳಕಿನಲ್ಲಿ ಇದನ್ನು ಇನ್ನೊಂದು ಬಗೆಯಲ್ಲೂ ಓದಬಹುದು. ಕಮ್ಮಾರನ ಮಗನು ಕಾವು ಮತ್ತು ತಣಿವುಗಳ ನಡುವೆ ಹಾದು ಹದಗೊಳ್ಳುವ ಕಥೆಯಿದು. ಬಳುಕುತ್ತಾನೆ, ಆದರೆ ಸೋಲುವುದಿಲ್ಲ. ಕಾವ್ಯವನ್ನು ಕಟ್ಟಿದ ಜನಕ್ಕೆ ಕುಲುಮೆ ದೂರದ್ದಾಗಿರಲಿಲ್ಲ ಎಂಬುದನ್ನು ಮರೆಯಬಾರದು.

7. ಸಮಾರೋಪ

ಕಿಟ್ಟೆಲ್ ಅವರ 1894ರ ನಿಘಂಟಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಾಗಲಿ ನಮ್ಮ ಹೆಮ್ಮೆಯ ಸಾಧನೆಗಳು. ಆದರೆ ಪ್ರಯೋಗಗಳನ್ನು ಮುಖ್ಯವಾಗಿ ಕಾವ್ಯ, ಶಾಸನ, ಗ್ರಂಥಗಳಿಂದ ಆಯುವ ನಿಘಂಟಿನಲ್ಲಿ ಬರೆಹಕ್ಕೆ ಇಳಿಯದ ಅರ್ಥಚ್ಛಾಯೆಗಳಿಗೆ ಎಡೆ ಸಿಗುವುದು ಕಷ್ಟ. ‘ಸೋಲು’ ಎಂಬ ಪದ ನಿಘಂಟಿನಲ್ಲಿದ್ದರೂ ಉಕ್ಕು ಸೋಲುವುದು ಎಂದರೇನು ಎಂಬುದನ್ನು ಕುಲುಮೆಯೇ ಹೇಳಬೇಕು. ದುರಸ್ತಿಯ ಪದ ಪ್ರಶ್ನಾವಳಿಗೆ ಸಿಕ್ಕುವುದಿಲ್ಲ, ‘ಇದಕ್ಕೆ ಏನೆನ್ನುತ್ತೀರಿ?’ ಎಂದು ಕೇಳಿದರೆ ವಕ್ತೃ ನಾಮಪದವನ್ನು ಕೊಡುತ್ತಾನೆ. ಕೆಟ್ಟ ವಸ್ತುವೊಂದನ್ನು ಮುಂದಿಟ್ಟಾಗ ಮಾತ್ರ ಕ್ರಿಯಾಪದಗಳು ಹೊರಬರುತ್ತವೆ. ಕ್ಷೇತ್ರಕಾರ್ಯಕ್ಕೆ ಹೊರಡುವ ಸಂಶೋಧಕರು ಧ್ವನಿಮುದ್ರಣ ಸಾಧನದೊಡನೆ ಬಗ್ಗಿದ ಒಂದು ಮಚ್ಚನ್ನೂ ಒಯ್ಯುವುದು ಒಳಿತು.

ಇದು ನಿಘಂಟಿನ ಪ್ರಶ್ನೆ ಮಾತ್ರವೂ ಅಲ್ಲ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರವು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ತರಬೇತಿ, ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗಿನ ನೆರವು, ಸಾಲ ಇವು ಅದರಲ್ಲಿವೆ. ತರಬೇತಿ ಎಂದಾಗ ಭಾಷೆಯ ಪ್ರಶ್ನೆ ಬರುತ್ತದೆ. ಬಳುಕು, ಬಗ್ಗು, ಸೋಲು, ಪೆಡಸು, ಹದ ಎಂಬ ಸಿದ್ಧ ಪರಿಭಾಷೆ ಇರುವಲ್ಲಿ ಹೊಸದಾಗಿ ಟಂಕಿಸಿದ ಕೃತಕ ಪದಗಳನ್ನು ಹೇರಿದರೆ ಕಲಿಯುವವನಿಗೆ ತನ್ನ ಮನೆಯ ಅರಿವೇ ಅಪರಿಚಿತವಾಗುತ್ತದೆ. ಆ ಪದಗಳನ್ನು ಸಂಗ್ರಹಿಸಿ, ವಿವರಿಸಿ, ಪಠ್ಯಕ್ಕೆ ಒದಗಿಸುವುದು ಕನ್ನಡ ವಿಭಾಗಗಳು ಮಾಡಬಹುದಾದ, ಮಾಡಬೇಕಾದ ಕೆಲಸ.

ನಮ್ಮ ಮನೆಯ ಮಚ್ಚಿನ ವಿಷಯ ಹೇಳಿ ಮುಗಿಸಬಹುದು. ದನಿ ಇಡಿಯಾಗಿದ್ದುದರಿಂದ ಆಚಾರಿಗಳು ಅದನ್ನು ಕೆಂಪಗೆ ಕಾಯಿಸಿ ನೇರ ಮಾಡಿ ಮತ್ತೆ ಹದ ಹಾಕಿದರು. ಸೊಟ್ಟ ಹೋದರೂ ಅಗಲ ತುಸು ಕಡಿಮೆಯಾಗಿದೆ. ಕೊಡುವಾಗ ಅವರು ಹೇಳಿದ್ದು ಇಷ್ಟೇ: “ಇನ್ನು ಇದನ್ನ ಒಲೆಗೆ ತೋರ್ಸಬ್ಯಾಡಿ.” ತಾತ ಬಳಸಿದ ಉಕ್ಕು ಉಳಿದಿದೆ. ಅದನ್ನು ಉಳಿಸಿದ ಮಾತುಗಳನ್ನು ಉಳಿಸುವ ಹೊಣೆ ನಮ್ಮ ಮೇಲಿದೆ.